ಅಕ್ಕನ ಮಾತು, ತಮ್ಮನ ಬಾಯಿ

ಡಬ್ಬಿ ಕಾರ್ಖಾನೆಯ ಪ್ರೆಸ್ ಶೆಡ್ಡಿನಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ನಿಂತ ಗಂಡಸು ಒಬ್ಬನೂ ಇರಲಿಲ್ಲ. ಹದಿನಾರು ಪ್ರೆಸ್ಸುಗಳು ಒಂದೇ ಸಾಲಿನಲ್ಲಿ ನಿಂತು, ತಗಡಿನ ಮೇಲೆ ಧಡ್ ಧಡ್ ಅಂತ ಬಿದ್ದು, ದಿನವಿಡೀ ಡಬ್ಬಿಯ ಮುಚ್ಚಳ ಉಗುಳುತ್ತಿದ್ದವು. ಹೊಸದಾಗಿ ಸೇರಿದವನು ಮೊದಲ ವಾರ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ. ಎರಡನೇ ವಾರದಿಂದ ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಕಿರುಚತೊಡಗುತ್ತಿದ್ದ. ಮೂರನೇ ತಿಂಗಳು ‘ತಲೆಯೊಳಗೆ ಜೀರುಂಡೆ ಸೇರ್ಕೊಂಡಿದೆ ಸಾರ್’ ಅಂತ ಚೀಟಿ ಬರೆದಿಟ್ಟು ಹೋಗಿಬಿಡುತ್ತಿದ್ದ. ಹೀಗೆ ಹೋದವರ ಜಾಗಕ್ಕೆ ಜನ ಹುಡುಕಿ ಹುಡುಕಿ ಕಾಲು ಸವೆಸಿಕೊಂಡಿದ್ದ ಸಿಬ್ಬಂದಿ ವಿಭಾಗದ ಗುಮಾಸ್ತನೇ ನಮ್ಮ ತಮ್ಮ.

ತಮ್ಮ ಅನ್ನುವುದು ಅವನ ಹೆಸರಲ್ಲ. ಆದರೆ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆ, ಅದೂ ಬಾಯಿಂದಲ್ಲ, ಕೈಯಿಂದ. ಅವನಿಗೊಬ್ಬಳು ಅಕ್ಕ. ಎರಡು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು, ಕಿವಿಯ ಹಿಂದೆಯೇ ಆಗತಾನೇ ಬಂದಿದ್ದ ನಾಲ್ಕು ಮಾತೂ ಹೋದವು. ತಮ್ಮ ಹುಟ್ಟಿದ್ದು ಆಮೇಲೆ. ಬಾಯಲ್ಲಿ ಅಮ್ಮ ಅನ್ನುವುದಕ್ಕೆ ಮುಂಚೆಯೇ ಈ ಮಗು ಕೈಯಲ್ಲಿ ಅಕ್ಕ ಅಂದಿತ್ತು ಅಂತ ಅವರಮ್ಮ ಬದುಕಿರುವವರೆಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಕ್ಕನನ್ನು ಏಳು ವರ್ಷ ಕಿವುಡರ ಶಾಲೆಗೆ ಕಳಿಸಿದರು. ಓದು ಬರಹ ಬಂತು. ಮದುವೆ ಕೂಡಿ ಬರಲಿಲ್ಲ. ನಲವತ್ತು ದಾಟಿದರೂ ತಮ್ಮನ ಮನೆಯ ಕಿಟಕಿ ಪಕ್ಕ ಕೂತು ಪಕ್ಕದ ಅಂಗಡಿಯವರ ಅಂಗಿಗಳಿಗೆ ಗುಂಡಿ ಹೊಲಿಯುವುದೇ ಅವಳ ಕೆಲಸವಾಗಿತ್ತು.

ಒಂದು ಭಾನುವಾರ ಎದುರು ಮನೆಯವರು ಯಂತ್ರ ತರಿಸಿ ಗೋಡೆ ಒಡೆಸುತ್ತಿದ್ದರು. ಇಡೀ ಬೀದಿ ಅವರ ವಂಶ ಜಾಲಾಡುತ್ತಿತ್ತು. ತಮ್ಮನ ಹೆಂಡತಿ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿಬಿಟ್ಟಿದ್ದಳು. ಅಕ್ಕ ಮಾತ್ರ ತಲೆ ಎತ್ತದೆ ಗುಂಡಿ ಹೊಲಿಯುತ್ತಿದ್ದಳು. ಅವಳನ್ನು ನೋಡುತ್ತ ನಿಂತಿದ್ದ ತಮ್ಮನಿಗೆ ಥಟ್ಟನೆ ಹೊಳೆಯಿತು. ಅಲ್ಲಾ, ಇಂಥ ಹದಿನಾರು ಜನ ಸಿಕ್ಕರೆ ಪ್ರೆಸ್ ಶೆಡ್ಡಿನ ಗೋಳೇ ಮುಗಿಯಿತಲ್ಲ! ಅದರಲ್ಲಿ ಸ್ವಾರ್ಥ ಇರಲಿಲ್ಲ ಅಂತ ನಾನು ಆಣೆ ಹಾಕಿ ಹೇಳಲಾರೆ. ಆದರೆ ಮೋಸ ಇರಲಿಲ್ಲ. ಅಕ್ಕ ಯಾರ ಹಂಗೂ ಇಲ್ಲದೆ ನಾಲ್ಕು ಜನರ ನಡುವೆ ದುಡಿಯಬೇಕು ಅನ್ನುವುದು ಅವನ ಚಿಕ್ಕಂದಿನ ಆಸೆ.

ಯಜಮಾನರಿಗೆ ಹೇಳಿದಾಗ ಅವರು ಹೌಹಾರಿದರು. ಆಮೇಲೆ ಗಲ್ಲ ಕೆರೆದುಕೊಂಡರು. ಕೊನೆಗೆ ‘ಭೇಷ್ ಕಣಯ್ಯ’ ಅಂದರು. ಅಕ್ಕನ ಹಳೆಯ ಶಾಲೆಯಿಂದ, ಅವರ ಗೆಳೆಯರಿಂದ, ಗೆಳೆಯರ ಗೆಳೆಯರಿಂದ ಆರೇ ತಿಂಗಳಲ್ಲಿ ಅಕ್ಕನೂ ಸೇರಿ ಹದಿನಾರು ಜನ ಬಂದರು. ಬಂದವರು ಬಿಟ್ಟು ಹೋಗಲಿಲ್ಲ. ಬರಿ ಪಾಪ ಅನ್ನಿಸಿಕೊಂಡೇ ಬೆಳೆದವರು, ತಮ್ಮಂಥವರೇ ಹದಿನಾರು ಜನ ಒಂದು ಕಡೆ ಸೇರಿದರೆ ಬಿಟ್ಟು ಹೋಗುತ್ತಾರೆಯೇ? ಊಟದ ಹೊತ್ತಿನಲ್ಲಿ ಆ ಶೆಡ್ಡನ್ನು ನೋಡಬೇಕಿತ್ತು. ಒಂದು ಸದ್ದಿಲ್ಲ, ಆದರೆ ಹದಿನಾರು ಜೋಡಿ ಕೈ ಜಗಳ, ಚಾಡಿ, ಹಾಸ್ಯ ಎಲ್ಲ ಮಾಡುತ್ತಿದ್ದವು. ಅಕ್ಕ ಹತ್ತು ವರ್ಷ ಚಿಕ್ಕವಳಾದಳು. ತಮ್ಮ ಗುಮಾಸ್ತನಿಂದ ಮ್ಯಾನೇಜರನಾದ, ಮೇಜಿನ ಮೇಲೆ ಗಾಜು ಬಂತು, ಕುರ್ಚಿಗೆ ಚಕ್ರ ಬಂದವು.

ಆದರೆ ಆ ಕಾರ್ಖಾನೆಯಲ್ಲಿ ಕೈಮಾತು ಬರುತ್ತಿದ್ದ, ಕಿವಿ ಕೇಳುವ ಮನುಷ್ಯ ಇವನೊಬ್ಬನೇ. ಯಜಮಾನರು ಕಲಿಯಲಿಲ್ಲ, ಮೇಸ್ತ್ರಿ ಕಲಿಯಲಿಲ್ಲ. ‘ತಮ್ಮ ಇದಾನಲ್ಲ’ ಅಂತ ಎಲ್ಲರೂ ಕೈ ಕಟ್ಟಿ ಕೂತರು. ಹಾಗಾಗಿ ಆ ಕಡೆಯ ಮಾತು ಈ ಕಡೆಗೆ, ಈ ಕಡೆಯ ಮಾತು ಆ ಕಡೆಗೆ ಹೋಗಬೇಕಾದರೆ ಇವನನ್ನು ದಾಟಿಯೇ ಹೋಗಬೇಕಿತ್ತು. ದಾಟಿಸುವಾಗ ಇವನು ಸುಮ್ಮನೆ ದಾಟಿಸುತ್ತಿದ್ದನೇ? ಬೆಣ್ಣೆ ಸವರಿ ದಾಟಿಸುತ್ತಿದ್ದ.

ಕೈಮಾತಿಗೆ ಉಪಚಾರ ಗೊತ್ತಿಲ್ಲ. ಬೇಕು ಅಂದರೆ ಬೇಕು, ಹೊಲಸು ಅಂದರೆ ಹೊಲಸು. ಒಮ್ಮೆ ಅಕ್ಕ ಯಜಮಾನರೆದುರಿಗೇ ಮೂಗು ಹಿಡಿದುಕೊಂಡು, “ಪಾಯಖಾನೆ ನಾರುತ್ತದೆ, ಹಂದಿಯೂ ಒಳಗೆ ಹೋಗಲಾರದು” ಅಂದಳು. ತಮ್ಮ ನಗುನಗುತ್ತಾ, “ಸ್ವಲ್ಪ ಶುಚಿ ಮಾಡಿಸಿದ್ರೆ ಇನ್ನೂ ಚೆನ್ನಾಗಿರುತ್ತೆ ಅಂತಾರೆ ಸಾರ್” ಅಂದ. “ಇವರು ಇಲ್ಲಿಗೆ ಕೆಲ್ಸಕ್ಕೆ ಬರ್ತಾರೋ ಕಕ್ಕಸಿಗೆ ಬರ್ತಾರೋ?” ಅಂತ ಯಜಮಾನರು ಗುರುಗುಟ್ಟಿದರು. ಅದು ತಮ್ಮನ ಕೈಯಲ್ಲಿ “ಖಂಡಿತ ಗಮನಿಸುತ್ತೇನೆ ಅಂದರು” ಅಂತಾಯಿತು. ಎರಡೂ ಕಡೆಯವರು ಸಮಾಧಾನದಿಂದ ಹೋದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪಾಯಖಾನೆ ಮಾತ್ರ ನಾರುತ್ತಲೇ ಇತ್ತು.

ಇನ್ನೊಂದು ಸಂಗತಿ ಕೇಳಿ. ಯಜಮಾನರಿಗೆ ಮಾತುಮಾತಿಗೂ ಹೊಟ್ಟೆಯ ಮೇಲೆ ಪ್ಯಾಂಟು ಎಳೆದುಕೊಳ್ಳುವ ಚಾಳಿ. ಶೆಡ್ಡಿನವರು ಅದನ್ನೇ ಅವರ ಹೆಸರು ಮಾಡಿಕೊಂಡಿದ್ದರು. ಎರಡು ಕೈಯಲ್ಲಿ ಇಲ್ಲದ ಪ್ಯಾಂಟು ಮೇಲಕ್ಕೆ ಎಳೆದರೆ ‘ಯಜಮಾನ’ ಅಂತ ಅರ್ಥ. “ನನ್ನನ್ನ ಏನಂತ ಕರೀತಾರಯ್ಯ ಇವರು?” ಅಂತ ಅವರು ಕೇಳಿಯೇ ಬಿಟ್ಟರು. ತಮ್ಮ ಆ ಸನ್ನೆಯನ್ನು ಮಾಡಿ ತೋರಿಸಿ, “ಇದು ದೊಡ್ಡ ಮನಸ್ಸಿನವರು ಅಂತ ಸಾರ್” ಅಂದ. ಮಾರನೇ ದಿನ ಯಜಮಾನರು ಶೆಡ್ಡಿನ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕಾಣುವ ಹಾಗೆ, ಬಲು ಠೀವಿಯಿಂದ ಎರಡು ಸಲ ಪ್ಯಾಂಟು ಎಳೆದರು. ಹದಿನಾರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡಯ್ಯ, ಎಷ್ಟು ಸಂತೋಷವಾಗಿದಾರೆ!” ಅಂತ ಯಜಮಾನರ ಕಣ್ಣಲ್ಲೂ ನೀರು ಬಂತು.

ನಗುವ ವಿಷಯ ಇಷ್ಟೇ. ನಗಲಾರದ ವಿಷಯ ಗಂಟೆಯದು.

ಹದಿನಾರು ಪ್ರೆಸ್ಸಿಗೂ ಸ್ವಿಚ್ಚು ಒಂದೇ, ಅದು ಮೇಸ್ತ್ರಿಯ ಕೈಯಲ್ಲಿ. ಮುಚ್ಚಳದ ಅಳತೆ ಬದಲಾಯಿಸಬೇಕಾದಾಗ ಸಾಲು ನಿಲ್ಲಿಸಿ, ಎಲ್ಲರೂ ಪ್ರೆಸ್ಸಿನ ಬಾಯೊಳಗೆ ಕೈ ಹಾಕಿ ಹಳೆ ಅಚ್ಚು ತೆಗೆದು, ಚೂರು ಗುಡಿಸಿ, ಹೊಸ ಅಚ್ಚು ಕೂರಿಸಬೇಕು. ಕೆಲಸ ಮುಗಿದ ಮೇಲೆ ಮೇಸ್ತ್ರಿ ಮೂರು ಸಲ ಕರೆಂಟಿನ ಗಂಟೆ ಬಾರಿಸಿ ಸ್ವಿಚ್ಚು ಎಳೆಯುತ್ತಾನೆ. ಕೇಳುವವರಿಗೆ ಅದು ಸರಿ. ಕೇಳದವರಿಗೆ? ಅಕ್ಕನೇ ಒಂದು ಉಪಾಯ ಕಂಡುಹಿಡಿದಿದ್ದಳು. ಕೈ ಹೊರಗೆ ತೆಗೆದವರು ಅದನ್ನು ಮೇಲೆತ್ತಿ ನಿಲ್ಲಬೇಕು. ಪಕ್ಕದವರು ಅದನ್ನು ನೋಡಿ ತಾವು ಎತ್ತಬೇಕು. ಹೀಗೆ ಕಟ್ಟಕಡೆಯ ಪ್ರೆಸ್ಸಿನಿಂದ ಹೊರಟು ಮೇಸ್ತ್ರಿಯ ತನಕ ಕೈ ಬರಬೇಕು. ಹದಿನಾರನೇ ಕೈ ಕಂಡರೆ ಸ್ವಿಚ್ಚು. ಉಪಾಯವೇನೋ ಒಳ್ಳೆಯದೇ. ಆದರೆ ಅದಕ್ಕೆ ತಾಳ್ಮೆ ಬೇಕು, ಮೇಸ್ತ್ರಿಗೆ ಅದೊಂದು ಇರಲಿಲ್ಲ.

“ಪ್ರತಿ ಪ್ರೆಸ್ಸಿನ ಮೇಲೆ ಒಂದು ಕೆಂಪು ದೀಪ ಬೇಕು. ಗಂಟೆಯ ಬದಲು ಅದು ಮಿನುಗಬೇಕು. ಕೇಳು,” ಅಂತ ಅಕ್ಕ ಮೊದಲ ವರ್ಷವೇ ಹೇಳಿದ್ದಳು.

ತಮ್ಮ ಕೇಳಿದ. ಹೇಗೆ ಕೇಳಿದ ಅನ್ನುವುದನ್ನು ನೀವೇ ನೋಡಿ.

“ಸಾರ್, ಒಂದು ಸಣ್ಣ ವಿಷಯ. ಅವಸರ ಏನಿಲ್ಲ. ಪ್ರೆಸ್ ಮೇಲೆ ಒಂದೊಂದು ದೀಪ ಇದ್ದಿದ್ರೆ ಚೆನ್ನಾಗಿರೋದು ಅಂತ...”

“ಟ್ಯೂಬ್‌ಲೈಟ್ ಇದೆಯಲ್ಲಯ್ಯ?”

“ಇದೆ ಸಾರ್, ಇದೆ. ಮುಂದೆ ಯಾವಾಗಾದ್ರೂ, ಅವಕಾಶ ಆದಾಗ.”

“ನೋಡೋಣ ನೋಡೋಣ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕೇಳಿದರೆ ಪ್ರೆಸ್ಸಿನ ಮೇಲೆ ದೀಪ ಬರುತ್ತದೆಯೇ? ಶೆಡ್ಡಿಗೆ ಬಂದು ಇವನು ಕೈಯಲ್ಲಿ ಹೇಳಿದ್ದು, “ಒಪ್ಪಿದರು, ಮುಂದಿನ ತಿಂಗಳು.” ಮುಂದಿನ ತಿಂಗಳು ಅನ್ನುವುದು ಎರಡು ವರ್ಷವಾಯಿತು. ಪ್ರತಿ ಸಲ ಅಕ್ಕ ಕೇಳಿದಾಗಲೂ ಇವನು ಹದಿನಾರು ಜನರ ಮೂಗಿಗೆ ತುಪ್ಪ ಸವರಿದ. ಹಾಗೆಂದು ಇವನೇನು ಚಿಂತೆಯಿಲ್ಲದೆ ಮಲಗುತ್ತಿದ್ದ ಅಂದುಕೊಳ್ಳಬೇಡಿ. ಯಜಮಾನರ ಮನಸ್ಸು ಒಳ್ಳೆಯದು, ಆದರೆ ಮೊಲದ ಹಾಗೆ, ಜೋರಾಗಿ ಕಾಲಿಟ್ಟರೆ ಓಡಿಬಿಡುತ್ತದೆ ಅಂತ ಇವನು ನಂಬಿದ್ದ. ಮೆಲ್ಲಗೆ ಹೋದರೆ ಎಲ್ಲ ಆಗುತ್ತದೆ, ವ್ಯಾಪಾರವೂ ನಡೆಯುತ್ತದೆ, ಇವರ ಬದುಕೂ ನಡೆಯುತ್ತದೆ ಅನ್ನುವುದು ಇವನ ಲೆಕ್ಕಾಚಾರ.

ಪ್ಯಾಕಿಂಗ್ ಹೆಂಗಸರಿಂದ ಹಿಡಿದು ಕಾವಲಿನವನ ತನಕ ಎಲ್ಲರಿಗೂ ಅಚ್ಚುಮೆಚ್ಚಿನವಳು ಗುಬ್ಬಿ. ಹದಿನಾರರಲ್ಲಿ ಅವಳೇ ಚಿಕ್ಕವಳು, ಇಪ್ಪತ್ತನಾಲ್ಕು ವರ್ಷ, ಮೈಕಟ್ಟು ಹಿಡಿಯಷ್ಟು, ಮಾತು ಮಾತ್ರ ಮೂಟೆಯಷ್ಟು. ಅವಳ ಬೆರಳು ಓಡುವ ವೇಗಕ್ಕೆ ಅಕ್ಕನೇ ಎಷ್ಟೋ ಸಲ “ನಿಧಾನ, ನಿಧಾನ ಕಣೇ” ಅಂತ ಬೈಯುತ್ತಿದ್ದಳು. ಮೇಸ್ತ್ರಿ ಆಕಳಿಸುವುದನ್ನು, ಯಜಮಾನರು ಫೋನಿನಲ್ಲಿ ಮಾವನ ಮನೆಯವರಿಗೆ ಹೆದರುವುದನ್ನು ಅವಳು ಹತ್ತು ಬೆರಳಿನಲ್ಲಿ ಮಾಡಿ ತೋರಿಸಿದರೆ ಎಲ್ಲರೂ ಊಟ ಬಿಟ್ಟು ನೋಡುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಗೇಟಿನಲ್ಲಿ ಲಾರಿ ಕಾಯುತ್ತಿದೆ ಅಂತ ಮೇಸ್ತ್ರಿ ಚಡಪಡಿಸುತ್ತಿದ್ದ. ಅಚ್ಚು ಬದಲಾಯಿಸುವುದು ನಡೆದಿತ್ತು. ಕೈಗಳು ಒಂದೊಂದಾಗಿ ಏಳುತ್ತ ಬರುತ್ತಿದ್ದವು. ಹತ್ತನೆಯದೋ ಹನ್ನೊಂದನೆಯದೋ ಕಂಡಿತಷ್ಟೇ, ಉಳಿದವರೂ ಇನ್ನೇನು ಎತ್ತಿಬಿಡುತ್ತಾರೆ ಅಂದುಕೊಂಡು ಅವನು ಗಂಟೆ ಬಾರಿಸಿ ಸ್ವಿಚ್ಚು ಎಳೆದ. ಗುಬ್ಬಿ ಚೀತ್ಕಾರ ಮಾಡಿರಬೇಕು. ಯಾರಿಗೆ ಕೇಳಬೇಕು? ಅಕ್ಕಪಕ್ಕದವರಿಗೆ ಕಿವಿ ಇಲ್ಲ, ಕಿವಿ ಇದ್ದ ಮೇಸ್ತ್ರಿ ಹತ್ತಿ ತುರುಕಿಕೊಂಡಿದ್ದ. ಪಕ್ಕದ ಪ್ರೆಸ್ಸಿನಲ್ಲಿದ್ದ ಅಕ್ಕ ತಿರುಗಿ ನೋಡಿ, ಓಡಿಹೋಗಿ ಮೇಸ್ತ್ರಿಯನ್ನು ತಳ್ಳಿ ಸ್ವಿಚ್ಚು ಇಳಿಸುವಷ್ಟರಲ್ಲಿ ಗುಬ್ಬಿಯ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಹೋಗಿದ್ದವು.

ನಿಮಗೂ ನನಗೂ ಬೆರಳು ಹೋದರೆ ಬೆರಳು ಹೋಯಿತು, ಅಷ್ಟೇ. ಗುಬ್ಬಿಗೆ ಹೋದದ್ದು ನಾಲಿಗೆ. ಗಾಯ ಮಾಗಿ ಅವಳು ವಾಪಸು ಬಂದು ಪ್ಯಾಕಿಂಗಿಗೆ ಸೇರಿದಾಗ ಊಟದ ಹೊತ್ತಿನಲ್ಲಿ ಏನೋ ಹಾಸ್ಯ ಹೇಳಲು ಹೋದಳು. ಯಾರಿಗೂ ಸರಿಯಾಗಿ ತಿಳಿಯಲಿಲ್ಲ. “ಏನು?” ಅಂದರು. ಮತ್ತೆ ಹೇಳಿದಳು. “ಏನು? ಏನು?” ಅಂದರು. ಮೂರನೇ ಸಲಕ್ಕೆ ಅವಳು ಕೈ ಮಡಿಲಲ್ಲಿ ಇಟ್ಟುಕೊಂಡುಬಿಟ್ಟಳು. ಅದನ್ನು ನೋಡಿದ ಅಕ್ಕ ಅವತ್ತು ಮನೆಗೆ ಬಂದವಳೇ ತಮ್ಮನ ಎರಡೂ ಭುಜ ಹಿಡಿದು ನಿಲ್ಲಿಸಿದಳು.

“ಈ ಸಲ ನೆಟ್ಟಗೆ ಹೇಳು. ದೀಪ ಇಲ್ಲ ಅಂದರೆ ಕೆಲಸ ಇಲ್ಲ ಅಂತ ಹೇಳು. ನಾನು ಹೇಳಿದ ಹಾಗೇ ಹೇಳು.”

“ಹೇಳುತ್ತೇನೆ ಅಕ್ಕಾ,” ಅಂತ ಕೈಯಲ್ಲಿ ಅಂದ ತಮ್ಮ. ಹೇಳಬೇಕು ಅಂತಲೇ ಹೋದ, ಸುಳ್ಳಲ್ಲ.

ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಆಸ್ಪತ್ರೆಯ ಖರ್ಚೆಲ್ಲ ಅವರೇ ನೋಡಿಕೊಂಡಿದ್ದರು, ಎರಡು ಸಲ ಹಣ್ಣು ಹಿಡಿದುಕೊಂಡು ಹೋಗಿಯೂ ಬಂದಿದ್ದರು. “ಪಾಪ, ಆ ಹುಡುಗಿ ಮುಖ ಕಣ್ಮುಂದಿನಿಂದ ಹೋಗ್ತಿಲ್ಲ ಕಣಯ್ಯ. ಏನಾದ್ರೂ ಮಾಡ್ಬೇಕಾ ಹೇಳು. ಇಲ್ಲಾಂದ್ರೆ ಇವರನ್ನ ತಗೊಂಡಿದ್ದೇ ತಪ್ಪಾಯ್ತೇನೋ. ಕಿವಿ ಇರೋರನ್ನೇ ತಗೊಳ್ಳೋದು ವಾಸಿ ಅನ್ಸುತ್ತೆ ಒಂದೊಂದ್ಸಲ.”

ಆ ಕೊನೆಯ ಮಾತು ಕೇಳಿದ್ದೇ ತಡ, ತಮ್ಮನಿಗೆ ಹದಿನಾರು ಜನ ತಂತಮ್ಮ ಮನೆಯ ಕಿಟಕಿ ಪಕ್ಕಕ್ಕೆ ವಾಪಸು ಹೋಗಿ ಕೂತಂತೆ ಕಣ್ಣಿಗೆ ಕಟ್ಟಿತು. ತನ್ನ ಚಕ್ರದ ಕುರ್ಚಿಯೂ ಕಣ್ಣಿಗೆ ಕಟ್ಟಿತು ಅನ್ನುವುದನ್ನು ನಾನೇಕೆ ಮುಚ್ಚಿಡಲಿ?

“ಏನೂ ಬೇಡ ಸಾರ್. ಅವರಿಗೇನೂ ಬೇಜಾರಿಲ್ಲ,” ಅಂದುಬಿಟ್ಟ.

ಯಜಮಾನರಿಗೆ ಹೋದ ಜೀವ ಬಂದಂತಾಯಿತು. ಆಗ ಅವರು ಮೇಜಿನ ಖಾನೆಯಿಂದ ಒಂದು ಪತ್ರ ತೆಗೆದರು. ಅಂಗವಿಕಲರಿಗೆ ಕೆಲಸ ಕೊಟ್ಟ ಕಂಪನಿಗಳಿಗೆ ದೊಡ್ಡದೊಂದು ಸಂಸ್ಥೆ ಪ್ರಶಸ್ತಿ ಕೊಡುತ್ತಿತ್ತು. ಅದರ ಸಮಿತಿ ಮುಂದಿನ ವಾರ ಬರುವುದಿತ್ತು. ಪ್ರಶಸ್ತಿ ಬಂದರೆ ದೊಡ್ಡ ಗಿರಾಕಿಗಳು ತಾವಾಗಿ ಬರುತ್ತಾರೆ, ಎರಡನೇ ಶೆಡ್ಡು ಏಳುತ್ತದೆ, ಇನ್ನೂ ಮೂವತ್ತು ಕಿವುಡರನ್ನು ತೆಗೆದುಕೊಳ್ಳಬಹುದು, ತಮ್ಮನಿಗೂ ಒಂದು ದಾರಿಯಾಗುತ್ತದೆ. “ಎಲ್ಲ ನಿನ್ನ ಕೈಲಿದೆ ನೋಡಪ್ಪ,” ಅಂದರು. ಇದು ದಾಟಿಬಿಡಲಿ, ಹೊಸ ಶೆಡ್ಡಿನ ಜೊತೆಗೆ ಹಳೆ ಶೆಡ್ಡಿಗೂ ದೀಪ ಹಾಕಿಸಿಬಿಡುತ್ತೇನೆ ಅಂತ ತಮ್ಮ ಮನಸ್ಸಿನಲ್ಲೇ ಹರಕೆ ಹೊತ್ತ. ಅಕ್ಕನಿಗೆ “ಸಮಿತಿಯವರು ಬರುತ್ತಾರೆ, ಅವರ ಮುಂದೆಯೇ ಹೇಳೋಣ” ಅಂದ.

ಸಮಿತಿಯವರು ಮೂರು ಜನ ಬಂದರು. ಒಬ್ಬರು ಮುದುಕರು, ಕ್ಯಾಮೆರಾ ಹಿಡಿದ ಒಬ್ಬ, ದಪ್ಪ ಕನ್ನಡಕದ ಒಬ್ಬ ಹೆಂಗಸು. ಅವತ್ತು ಪಾಯಖಾನೆ ತೊಳೆದಿತ್ತು. ಕನ್ನಡಕದ ಹೆಂಗಸು ಒಳ್ಳೆಯವರು. ಎಲ್ಲರ ಹಾಗೆ ತಮ್ಮನ ಮುಖ ನೋಡಿ ಮಾತಾಡದೆ ನೇರವಾಗಿ ಅಕ್ಕನ ಮುಖ ನೋಡಿ ಕೇಳಿದರು. “ನೀವು ಇಲ್ಲಿ ಹಿರಿಯರು. ಹೇಳಿ ಅಮ್ಮಾ, ನಿಮಗೆ ಏನು ಬೇಕು? ಏನಾದ್ರೂ ತೊಂದರೆ ಇದೆಯಾ?”

ತಮ್ಮ ಪ್ರಶ್ನೆಯನ್ನು ಸರಿಯಾಗಿಯೇ ದಾಟಿಸಿದ. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದಳು. “ಸದ್ದು ಕೇಳುವುದಿಲ್ಲ, ಆದರೆ ಮೈಯೆಲ್ಲ ನಡುಗುತ್ತದೆ. ಮನೆಗೆ ಹೋದ ಮೇಲೂ ನಡುಗುತ್ತದೆ. ಗಂಟೆ ನಮಗೆ ಕೇಳುವುದಿಲ್ಲ. ಕೆಂಪು ದೀಪ ಬೇಕು. ಎರಡು ವರ್ಷದಿಂದ ಕೇಳುತ್ತಿದ್ದೇವೆ. ಇವಳ ಬೆರಳು ಹೋಯಿತು, ನಾಳೆ ಇನ್ನೊಬ್ಬರದು ಹೋಗುತ್ತದೆ.” ಅಷ್ಟರಲ್ಲಿ ಗುಬ್ಬಿ ಮುಂದೆ ಬಂದು, ತನ್ನ ಬಲಗೈ ಎತ್ತಿ ಹಿಡಿದು, ಉಳಿದ ಬೆರಳಿನಲ್ಲಿ ಏನೇನೋ ಹೇಳಿದಳು.

“ಏನಂತಾರೆ?” ಅಂದರು ಕನ್ನಡಕದ ಹೆಂಗಸು. ಯಜಮಾನರು ಪಕ್ಕದಲ್ಲೇ ನಿಂತು ಪ್ಯಾಂಟು ಎಳೆದುಕೊಂಡರು.

ತಮ್ಮ ಕನ್ನಡಕದ ಹೆಂಗಸಿನ ಕಡೆ ತಿರುಗಿದ. “ಸದ್ದು ನಮ್ಮನ್ನ ಮುಟ್ಟೋದಿಲ್ಲ ಅಂತಾರೆ. ಇಲ್ಲಿ ಎಲ್ಲ ಒಂದೇ ಮನೆಯವರ ಹಾಗಿದೀವಿ, ಯಾವ ಕೊರತೇನೂ ಇಲ್ಲ ಅಂತಾರೆ. ಈ ಹುಡುಗಿಗೆ ಒಂದು ಸಣ್ಣ ಅಪಘಾತ ಆಗಿತ್ತು. ಆಸ್ಪತ್ರೆ ಖರ್ಚೆಲ್ಲ ಕಂಪನಿನೇ ನೋಡ್ಕೊಂಡಿತು, ಕೆಲಸಾನೂ ಉಳಿಸ್ತು, ಅದನ್ನೇ ಹೇಳ್ತಿದಾಳೆ.” ಮಾತು ಮುತ್ತಿನ ಹಾಗೆ ಉದುರಿತು. ಕನ್ನಡಕದ ಹೆಂಗಸು ಗುಬ್ಬಿಯ ಕೈ ಹಿಡಿದು ಸವರಿ, ಎಲ್ಲವನ್ನೂ ಬರೆದುಕೊಂಡರು.

“ಹೇಳಿದೆಯಾ?” ಅಂತ ಅಕ್ಕ ಕೇಳಿದಳು.

“ಹೇಳಿದೆ. ಬರೆದುಕೊಂಡರು, ನೋಡಿದೆಯಲ್ಲ.”

ಅವತ್ತು ಸಂಜೆ ಅಕ್ಕ ಹಾದಿಯುದ್ದಕ್ಕೂ ಹಗುರಾಗಿ ನಡೆದಳು. ಮನೆಗೆ ಬಂದು ನಾದಿನಿಯ ಕೈಯಿಂದ ಪಾತ್ರೆ ಕಸಿದುಕೊಂಡು ತಾನೇ ತೊಳೆದಳು. “ಇವತ್ತು ನಿಮ್ಮಕ್ಕನಿಗೆ ಏನು ಬಂದಿದೆ ರೀ?” ಅಂತ ಹೆಂಡತಿ ನಕ್ಕಳು. ತಮ್ಮ ನಗಲಿಲ್ಲ, ತಲೆನೋವು ಅಂತ ಒಳಗೆ ಹೋದ.

ಪ್ರಶಸ್ತಿ ಬಂತು. ದೊಡ್ಡ ಸಭೆಯಲ್ಲಿ ಯಜಮಾನರು ಅದನ್ನು ತೆಗೆದುಕೊಂಡರು, ತಮ್ಮ ಹಿಂದೆ ನಿಂತು ಚಪ್ಪಾಳೆ ತಟ್ಟಿದ. ಆಡಿದ ಮಾತು ಗಾಳಿಗೆ ಹೋಯಿತು ಅಂತಲೇ ಅವನು ತಿಳಿದಿದ್ದ. ಹುಟ್ಟಿದಾಗಿನಿಂದ ಅವನ ಬಾಯಿ ಆಡಿದ ಒಂದು ಮಾತೂ ಅಕ್ಕನ ಕಿವಿಗೆ ಬಿದ್ದಿರಲಿಲ್ಲವಲ್ಲ, ಆ ಧೈರ್ಯ ಅವನ ರಕ್ತದಲ್ಲೇ ಸೇರಿಹೋಗಿತ್ತು. ಆದರೆ ಕನ್ನಡಕದ ಹೆಂಗಸು ಬರೆದುಕೊಂಡಿದ್ದರು, ಬರೆದದ್ದು ಪ್ರಶಸ್ತಿಯ ಪುಸ್ತಿಕೆಯಲ್ಲಿ ಅಚ್ಚಾಗಿತ್ತು. ಯಜಮಾನರು ಉತ್ಸಾಹದಲ್ಲಿ, ಯಾರನ್ನೂ ಕೇಳದೆ, ಅದನ್ನೇ ದೊಡ್ಡ ಬೋರ್ಡು ಮಾಡಿಸಿ ಗೇಟಿನ ಪಕ್ಕ ನಿಲ್ಲಿಸಿಬಿಟ್ಟಿದ್ದರು.

ಸಭೆ ಕಳೆದ ಮೂರನೇ ಬೆಳಿಗ್ಗೆ ತಮ್ಮ ಬರುವ ಹೊತ್ತಿಗೆ ಹದಿನಾರು ಜನ ಆ ಬೋರ್ಡಿನೆದುರು ನಿಂತಿದ್ದರು. ಅಕ್ಕನ ಫೋಟೋ, ಆಳೆತ್ತರ. ಕೆಳಗೆ ಬೊಗಸೆಯಷ್ಟು ದೊಡ್ಡ ಅಕ್ಷರದಲ್ಲಿ ‘ಸದ್ದು ನಮ್ಮನ್ನು ಮುಟ್ಟುವುದಿಲ್ಲ. ಇಲ್ಲಿ ನಮಗೆ ಯಾವ ಕೊರತೆಯೂ ಇಲ್ಲ.’ ಅಕ್ಕ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದಳು. ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ತಿರುಗಿ ತಮ್ಮನನ್ನು ನೋಡಿದಳು.

“ಇದು ನಾನು ಹೇಳಿದ್ದಾ?”

ಗುಬ್ಬಿ ಅವನ ಮುಂದೆ ಬಂದು ಏನೋ ಕೇಳಿದಳು. ಅವನಿಗೆ ಮೊದಲ ಸಲಕ್ಕೇ ತಿಳಿಯಿತು, ಆದರೂ ತಿಳಿಯದವನಂತೆ ನಿಂತ. ಪಾಪ, ತನ್ನ ಕೈಯದೇ ತಪ್ಪು ಅಂದುಕೊಂಡು ಅವಳು ಮತ್ತೆ ಕೇಳಿದಳು, ಇನ್ನೂ ನಿಧಾನವಾಗಿ ಮೂರನೇ ಸಲ ಕೇಳಿದಳು. “ನನ್ನ ಬೆರಳಿನ ಬಗ್ಗೆ ಏನು ಹೇಳಿದೆ?”

“ನಿಮ್ಮ ಒಳ್ಳೆಯದಕ್ಕೇ ಮಾಡಿದೆ,” ಅಂತ ಕೊನೆಗೆ ಅವನ ಕೈ ಆಡಿತು. “ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರು. ದೀಪ ಬರುತ್ತದೆ. ಹೊಸ ಶೆಡ್ಡಿನ ಜೊತೆ...”

ಅಕ್ಕ ಪೂರ್ತಿ ನೋಡಲಿಲ್ಲ. ಕಾವಲಿನವನ ಪುಸ್ತಕದಿಂದ ಒಂದು ಹಾಳೆ ಹರಿದು, ಅವನದೇ ಪೆನ್ನಿನಲ್ಲಿ ಬರೆದಳು. ತಮ್ಮ ಇದ್ದಾನಲ್ಲ ಅಂತ ಇಷ್ಟು ದಿನ ಅವಳೂ ಪೆನ್ನು ಹಿಡಿದಿರಲಿಲ್ಲ. ಬರೆದು, ಸೀದಾ ಯಜಮಾನರ ಕೋಣೆಗೆ ನಡೆದಳು. ಹಿಂದೆ ಹದಿನೈದು ಜನ. ಎಲ್ಲರ ಹಿಂದೆ ತಮ್ಮ.

ಯಜಮಾನರು ಗಾಬರಿಯಾಗಿ ಎದ್ದು ನಿಂತರು. ಹಾಳೆ ಓದಿದರು. ಅದರಲ್ಲಿದ್ದದ್ದು ಇಷ್ಟೇ: ‘ದೀಪ ಬೇಕು. ಹದಿನಾರು. ಕೆಂಪು. ಎರಡು ವರ್ಷ ಕೇಳಿದೆ. ಗುಬ್ಬಿ ಬೆರಳು ಹೋಯಿತು. ಬೋರ್ಡು ಸುಳ್ಳು. ತಮ್ಮ ಹೇಳಿಲ್ಲ.’

“ಏನಯ್ಯ ಇದು?”

“ಸಾರ್, ನಾನು ಆವಾಗ್ಲೇ ದೀಪದ ವಿಷಯ...”

“ಏನು ಹೇಳಿದ್ದೆ? ‘ಇದ್ದಿದ್ರೆ ಚೆನ್ನಾಗಿರೋದು, ಅವಸರ ಇಲ್ಲ’ ಅಂದೆ. ಬೇಕೇ ಬೇಕು ಅಂತ ಯಾವಾಗ ಅಂದೆ? ಆ ಹುಡುಗಿ ಕೈ ಹೋದಾಗ ನಾನೇ ಬಾಯಿಬಿಟ್ಟು ಕೇಳಿದೆನಲ್ಲಯ್ಯ, ಏನಾದ್ರೂ ಮಾಡ್ಬೇಕಾ ಅಂತ. ಏನೂ ಬೇಡ ಸಾರ್ ಅಂದೋನು ನೀನು!”

ಯಜಮಾನರು ಆಗಲೇ ಫೋನು ಎತ್ತಿ ವೈರಿಂಗ್ ಮಾಡುವವನನ್ನು ಕರೆಸಿದರು. ಅವನು ಬಂದು ಶೆಡ್ಡಿಗೆ ಒಂದು ಸುತ್ತು ಹಾಕಿ, ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಗೋಡೆಯ ಮೇಲೆ ಏನೋ ಗೀಚಿಕೊಂಡು ಬಂದ.

“ಎಷ್ಟು ದಿನ ಬೇಕಪ್ಪ?”

“ಗಂಟೆ ವೈರಿಗೇ ಸೇರಿಸಿದ್ರಾಯ್ತು ಸಾರ್. ಎರಡು ದಿನ.”

ಎರಡು ದಿನ! ಎರಡು ವರ್ಷ ಒಬ್ಬ ಮನುಷ್ಯ ಬೆವರು ಸುರಿಸಿ, ನಿದ್ದೆಗೆಟ್ಟು, ಬೆಣ್ಣೆ ಸವರಿ ಕಾಪಾಡಿದ್ದು ಎರಡು ದಿನದ ಕೆಲಸವನ್ನು. ಮೊದಲೇ ನೆಟ್ಟಗೆ ಕೇಳಿದ್ದರೆ ಯಜಮಾನರು ಕೊಡುತ್ತಿದ್ದರೇ, ಅಥವಾ ಪ್ರಶಸ್ತಿಯ ಮಾನ ಉಳಿಸಿಕೊಳ್ಳಲು ಈಗ ಕೊಟ್ಟರೇ, ನನಗೆ ಗೊತ್ತಿಲ್ಲ. ಅದು ಯಾರಿಗೂ ಎಂದಿಗೂ ಗೊತ್ತಾಗದ ಹಾಗೆ ಮಾಡಿದವನು ತಮ್ಮ. ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು.

ಎಲ್ಲರೂ ಹೋದ ಮೇಲೆ ಯಜಮಾನರು ಅವನನ್ನು ನಿಲ್ಲಿಸಿಕೊಂಡರು. “ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅನ್ನೋ ಹಾಗೆ ಮಾಡಿದೆಯಲ್ಲಯ್ಯ,” ಅಂತ ಗದರಿದರು. ಆಮೇಲೆ ಸ್ವರ ತಗ್ಗಿಸಿ, ಭುಜ ತಟ್ಟಿ, “ಆದ್ರೂ ಆ ಸಮಿತಿಯವರ ಮುಂದೆ ಸಂಭಾಳಿಸಿದೆ ನೋಡು, ಅದು ಭೇಷ್. ಅದಕ್ಕೇ ನೀನು ನನಗೆ ಬೇಕು. ಹೊಸ ಶೆಡ್ಡು ನಿನ್ನದೇ,” ಅಂದರು. ಬೈಗುಳವನ್ನಾದರೂ ಅವನು ತಡೆದುಕೊಂಡಾನು, ಆ ಭೇಷ್ ಅವನಿಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಆದರೂ ಅಭ್ಯಾಸ ನೋಡಿ, “ಥ್ಯಾಂಕ್ಸ್ ಸಾರ್” ಅಂದುಕೊಂಡೇ ಹೊರಗೆ ಬಂದ.

ಸಂಜೆ ಅಕ್ಕ ಅವನಿಗಾಗಿ ಕಾಯದೆ ಒಬ್ಬಳೇ ಮನೆಗೆ ಹೋಗಿದ್ದಳು. ಅವನು ಬಂದಾಗ ಅಡುಗೆಮನೆಯ ಮೇಜಿನ ಮುಂದೆ ಕೂತು ಚಹಾ ಕುಡಿಯುತ್ತಿದ್ದಳು. ಹೆಂಡತಿ ಒಲೆಯ ಹತ್ತಿರ ನಿಂತಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವಳು ಕೈಮಾತು ಕಲಿತಿರಲಿಲ್ಲ. ತಮ್ಮ ಇದ್ದನಲ್ಲ. ಅವನು ಅಕ್ಕನೆದುರು ಕುರ್ಚಿ ಎಳೆದುಕೊಂಡು ಕೂತ, ಕೈ ಎತ್ತಿದ.

“ಅಕ್ಕಾ, ತಪ್ಪಾಯಿತು. ನಾನು ನಿನ್ನ...”

ಅಕ್ಕ ಕಣ್ಣು ಮುಚ್ಚಿಕೊಂಡಳು.

ಅಷ್ಟೇ. ಎದ್ದು ಹೋಗಲಿಲ್ಲ, ಮುಖ ತಿರುಗಿಸಲಿಲ್ಲ, ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು ಕೂತಳು. ಕಿವಿ ಇರುವವರ ಜೊತೆಯ ಜಗಳವಾದರೆ ಬಾಗಿಲಾಚೆ ನಿಂತಾದರೂ ಕೂಗಬಹುದು, ಕಾಲಿಗೆ ಬಿದ್ದು ಅಳಬಹುದು, ಒಂದಲ್ಲ ಒಂದು ಮಾತು ಹೇಗೋ ಒಳಗೆ ಹೋದೀತು. ಇವಳು ಕಣ್ಣು ಮುಚ್ಚಿದರೆ ಮುಗಿಯಿತು, ಲೋಕದಲ್ಲಿ ಅವಳಿಗೆ ಒಂದು ಮಾತನ್ನೂ ಹೇಳುವ ದಾರಿ ಇಲ್ಲ. ತಮ್ಮ ಅವಳ ಮೊಣಕೈ ಮುಟ್ಟಿದ. ಅವಳು ಕಣ್ಣು ಬಿಡಲಿಲ್ಲ. ಇನ್ನೊಂದು ಸಲ ಮುಟ್ಟಿದ. ರೆಪ್ಪೆ ಇನ್ನಷ್ಟು ಬಿಗಿಯಾಯಿತು. ಅವನ ಕೈಗಳು ಗಾಳಿಯಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿದವು. ಅಕ್ಕ ಹೇಳಿದ್ದು, ತಾನು ಹೇಳಿದ್ದು, ಗುಬ್ಬಿ ಹೇಳಿದ್ದು ಎಲ್ಲವನ್ನೂ, ಒಂದಕ್ಷರ ತಪ್ಪಿಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದವು. ನೋಡುವವರು ಯಾರೂ ಇರಲಿಲ್ಲ.

ಒಲೆಯ ಹತ್ತಿರದಿಂದ ಹೆಂಡತಿ ತಿರುಗಿದಳು. ಗಂಡನ ಕೈಗಳನ್ನು ನೋಡಿದಳು, ಕಣ್ಣು ಮುಚ್ಚಿ ಕೂತ ಅತ್ತಿಗೆಯನ್ನು ನೋಡಿದಳು.

“ಯಾಕ್ರೀ, ಏನಂತಾರೆ ಅವರು?”

ತಮ್ಮ ಕೈ ಕೆಳಗಿಳಿಸಿದ.

“ಏನಿಲ್ಲ,” ಅಂದ. “ಸ್ವಲ್ಪ ಸುಸ್ತಾಗಿದೆಯಂತೆ.”